ಅಪ್ಪ ಅನ್ನ ಬಿಟ್ಟ ತಿಂಗಳು

ಮನೆ, ಹೊಲಿಗೆ ಮೇಜು
ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಂಡು,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? "ಚೆನ್ನಾಗಿದ್ದೇನೆ" ಎಂದು ಮತ್ತೆ ಒಂದೇ ಸಾಲು ಬರೆದು ಕಳಿಸಬೇಡ, ಆ ಸಾಲು ನನ್ನ ಹತ್ತಿರ ಆಗಲೇ ಆರು ಇವೆ. ನಾನು ಗಟ್ಟಿಮುಟ್ಟಾಗಿದ್ದೇನೆ. ಸೂಜಿಗೆ ದಾರ ಪೋಣಿಸುವ ಹೊತ್ತಿಗೆ ಮಾತ್ರ ಕಣ್ಣು ಮುಷ್ಕರ ಹೂಡುತ್ತದೆ. ಕೆಳಗಿನ ಮನೆಯ ಟೀಚರಮ್ಮ ಶಾಲೆಗೆ ಹೊರಡುವ ಮುಂಚೆ ಹತ್ತು ಸೂಜಿಗೆ ದಾರ ಹಾಕಿಕೊಟ್ಟು ಹೋಗುತ್ತಾಳೆ, ಸಂಜೆಯವರೆಗೆ ಅದರಲ್ಲೇ ಕಾಲ ಹಾಕುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ" ಅನ್ನುತ್ತೀಯ, ನಾನು "ಸರಿ" ಅನ್ನುತ್ತೇನೆ, ಅಲ್ಲಿಗೆ ತಾಯಿ ಮಗನ ಮಾತು ಮುಗಿಯುತ್ತದೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನಿನ್ನ ರೂಮಿನಲ್ಲಿರುವ ಲಾರಿ ಡ್ರೈವರ್ ಬುಧವಾರ ಫೋನ್ ಮಾಡಿದ್ದ. ಅವನ ಮೇಲೆ ರೇಗಬೇಡ, ನಿನ್ನ ಮೇಲಿನ ಅಕ್ಕರೆಗೆ ಮಾಡಿದ್ದಾನೆ. ಗೋದಾಮಿನಲ್ಲಿ ಇಡೀ ದಿನ ಪೆಟ್ಟಿಗೆ ಹೊತ್ತು ಬಂದು, ಸಂಜೆ ಶೂ ಕಟ್ಟಿಕೊಂಡು ಒಂದೂವರೆ ಗಂಟೆ ಓಡುತ್ತೀಯಂತೆ. ತಿರುಗಿ ಬಂದು ಒಂದು ಲೋಟ ನೀರು ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತೀಯಂತೆ. ಅವನು ನಿನಗೂ ಸೇರಿಸಿ ಅನ್ನ ಮಾಡಿಟ್ಟರೆ ಬೆಳಿಗ್ಗೆ ಅದು ಹಾಗೆಯೇ ಇರುತ್ತದಂತೆ. ಈ ಒಂದು ತಿಂಗಳೊಳಗೆ ಎರಡು ಸಲ ಕೆಲಸದ ಜಾಗದಲ್ಲಿ ತಲೆ ಸುತ್ತಿ ಬಿದ್ದೆಯಂತೆ, ಎರಡನೆಯ ಸಲ ಹಣೆಗೆ ನಾಲ್ಕು ಹೊಲಿಗೆ. "ಯಾಕೋ ಹಿಂಗೆ ಅಂತ ಕೇಳಿದ್ರೆ, ನಮ್ಮಪ್ಪನ ತಟ್ಟೆಗೆ ನಾನು ಏನು ಬಡಿಸಿದ್ನೋ ಅದನ್ನೇ ನಾನೂ ತಿಂತಿದೀನಿ ಅಂತಾನೆ, ಅಮ್ಮಾ. ನಂಗೆ ಭಯ ಆಗುತ್ತೆ" ಎಂದ. ನನಗೂ ಭಯವಾಗಿದೆ. ಆ ದಿನ ಕೈಗೆತ್ತಿಕೊಂಡ ಕೋಟಿನ ತೋಳು ಇನ್ನೂ ಹೊಲಿದು ಮುಗಿಸಿಲ್ಲ.

ಕಳೆದ ವರ್ಷ ಇದೇ ತಿಂಗಳು ನೀನು ರಜೆಗೆ ಬಂದಿದ್ದೆ. ಆಗ ನೀನು ಜಿಮ್ಮಿನಲ್ಲಿ ಹತ್ತಾರು ಜನರಿಗೆ ತರಬೇತಿ ಕೊಡುವ ಮೇಷ್ಟ್ರು, ನಿಮ್ಮಪ್ಪನ ಹೊಟ್ಟೆ ನೋಡಿ ಸುಮ್ಮನಿರಲು ನಿನ್ನಿಂದಾಗಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದೆ: ಸಂಜೆ ಒಂದು ಗಂಟೆ ಬಿರುಸಿನ ನಡಿಗೆ, ಅದಾದ ಮೇಲೆ ಅನ್ನ, ಬ್ರೆಡ್ಡು, ಆಲೂಗಡ್ಡೆ ಯಾವುದೂ ಇಲ್ಲ, ಬರೀ ಮೊಟ್ಟೆ ಮತ್ತು ಬೇಯಿಸಿದ ತರಕಾರಿ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಮ್ಮಪ್ಪನ ಪಥ್ಯ ನನಗೆ ಗೊತ್ತಿಲ್ಲದ್ದೇ? ಊರಿನ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿ ಸರಿತೂಕಕ್ಕೆ ತರುತ್ತಿದ್ದವರು, ತಮ್ಮ ತೂಕ ಹೇಳುವಾಗ ಮಾತ್ರ ಹತ್ತು ಕಿಲೋ ನುಂಗಿಬಿಡುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ, ಅಷ್ಟೂ ವರ್ಷ ಅವರ ಕೆಲಸದ ಪೆಟ್ಟಿಗೆಯಲ್ಲಿ ತೂಕದ ಕಲ್ಲುಗಳ ಕೆಳಗೆ ಸಿಹಿ ಬನ್ನು ಅಡಗಿರುತ್ತಿತ್ತು. "ಏನೂ ತಿಂದಿಲ್ಲ ಕಣೇ" ಅನ್ನುವಾಗ ಮೀಸೆಯ ಮೇಲೆ ಸಕ್ಕರೆ ಪುಡಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಅದನ್ನು ನೋಡಿಯೂ ನೋಡದ ಹಾಗೆ ಸಂಸಾರ ಮಾಡುವುದು ನನಗೆ ರೂಢಿಯಾಗಿತ್ತು.

ಆದರೆ ಆ ಸಲ ಅವರು ಹೊರಟೇಬಿಟ್ಟರು. ಹಳೆಯ ಶೂಗೆ ಹೊಸ ಲೇಸು ಹಾಕಿಕೊಂಡು ಆಟದ ಮೈದಾನಕ್ಕೆ ಹೋದರು, ಮೊದಲ ವಾರ ನಡೆದರು, ಆಮೇಲೆ ಸಣ್ಣಗೆ ಓಡತೊಡಗಿದರು. ಮನೆಗೆ ಬಂದು ಬೆವರು ಒರೆಸುವ ಮೊದಲೇ, ರಜೆ ಮುಗಿಸಿ ಹೋಗಿದ್ದ ನಿನಗೆ ಫೋನು: "ಗುಂಡು, ಇವತ್ತೂ ಅನ್ನ ಇಲ್ಲ ಕಣೋ." ನೀನು ಆ ಕಡೆಯಿಂದ "ಸೂಪರ್ ಅಪ್ಪಾ" ಅಂದರೆ ಸಾಕು, ಐವತ್ತೆಂಟು ವರ್ಷದ ಮನುಷ್ಯ ಅಡುಗೆಮನೆಯ ತುಂಬ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದರು. ಇಪ್ಪತ್ತಾರನೆಯ ದಿನ ಎರಡು ಸುತ್ತು ಹೆಚ್ಚು ಓಡಿ ಬಂದರು. ಎಂದಿನಂತೆ ಇನ್ಸುಲಿನ್ ಆಯಿತು, ಎರಡು ಮೊಟ್ಟೆ, ಒಂದು ಬಟ್ಟಲು ಹುರುಳಿಕಾಯಿ ಆಯಿತು, ಬೇಗ ಮಲಗಿದರು. ಬೆಳಿಗ್ಗೆ ಎಬ್ಬಿಸಲು ಹೋದರೆ ದಿಂಬು ಹಿಂಡುವಷ್ಟು ಒದ್ದೆ, ಮೈ ತಣ್ಣಗೆ. ಆಂಬುಲೆನ್ಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಓಟ ಹೆಚ್ಚು, ಊಟ ಕಡಿಮೆ, ಔಷಧ ಮಾತ್ರ ಅಷ್ಟೇ, ರಕ್ತದ ಸಕ್ಕರೆ ತೀರಾ ಇಳಿದುಹೋಗಿದೆ ಎಂದು ಡಾಕ್ಟರು ಹೇಳಿದ್ದನ್ನು ಮಧ್ಯಾಹ್ನ ಬಂದಿಳಿದ ನೀನು ಬಾಗಿಲ ಬಳಿ ನಿಂತು ಕೇಳಿದೆ. ಅವತ್ತಿನಿಂದ ನೀನು ನನ್ನ ಗುಂಡು ಆಗಿ ಉಳಿದಿಲ್ಲ. ಜಿಮ್ಮಿನ ಕೆಲಸ ಬಿಟ್ಟೆ, ಮನೆಗೆ ಬರುವುದನ್ನೂ ಬಿಟ್ಟೆ.

ನಿನ್ನ ಒಂದೇ ಒಂದು ಉದ್ದದ ಕಾಗದ ನನ್ನ ಹತ್ತಿರ ಇದೆ, ಜೂನ್ ತಿಂಗಳದ್ದು. ವ್ಯಾಯಾಮ ಮಾಡುವವರಿಗೆ ಸಂಜೆಯ ಅನ್ನ ವಿಷವಲ್ಲ, ದುಡಿದ ಮೈಗೆ ಅದು ಬೇಕೇ ಬೇಕು, ನಾನು ಯಾರೋ ಹೇಳಿದ್ದನ್ನು ಗಿಳಿಪಾಠ ಒಪ್ಪಿಸಿದೆ, ತೋಳು ತೋರಿಸುವ ಹುಡುಗರಿಗೆ ಹೇಳುವ ಮಾತನ್ನು ಕಾಯಿಲೆಯ ಅಪ್ಪನಿಗೆ ಹೇಳಿದೆ ಎಂದು ನಾಲ್ಕು ಪುಟ ಬರೆದಿದ್ದೆ. ಅಷ್ಟೆಲ್ಲ ತಿಳಿದ ಮೇಲೆ ನೀನೇ ಯಾಕಪ್ಪಾ ಉಪವಾಸ ಬೀಳುತ್ತೀಯ? ಊಟ ಬಲ್ಲವನಿಗೆ ರೋಗವಿಲ್ಲ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದವನು ನೀನು. ನೀನು ಹಸಿದುಕೊಂಡರೆ ಅವರ ಹೊಟ್ಟೆ ತುಂಬುವುದಿಲ್ಲ ಮಗನೇ. ಅರೆಹೊಟ್ಟೆಯಲ್ಲಿ ಮಲಗಿದ ಒಬ್ಬರನ್ನು ಬೆಳಿಗ್ಗೆ ಮುಟ್ಟಿ ನೋಡಿದ್ದೇನೆ, ಇನ್ನೊಂದು ಸಲ ಅದು ನನ್ನಿಂದಾಗದು.

ಟೀಚರಮ್ಮ ನಿನ್ನನ್ನು ಕೇಳಿದಳು. ಡ್ರೈವರಿಗೆ ನಾನು ಕೇಳಿದೆನೆಂದು ಹೇಳು, ಅವನ ಅಂಗಿ ಹರಿದಿದ್ದರೆ ಕಳಿಸಲಿ, ಹೊಲಿದುಕೊಡುತ್ತೇನೆ. ಹಣೆಯ ಗಾಯಕ್ಕೆ ನೀರು ತಾಗಿಸಬೇಡ. ನನ್ನ ಆಶೀರ್ವಾದ ಸದಾ ನಿನ್ನ ಮೇಲಿದೆ, ನೀನು ಬೇಡ ಅಂದರೂ ಇರುತ್ತದೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಇದನ್ನು ಹೇಳದೆ ಕಳಿಸಿದರೆ ಮೇಲಿನದೆಲ್ಲ ಬರೀ ಬೂಟಾಟಿಕೆ. ನೀನು ಚೀಟಿ ಅಂಟಿಸಿ ಹೋದ ಮೂರನೆಯ ದಿನ ನಾನು ಕ್ಲಿನಿಕ್ಕಿಗೆ ಹೋಗಿ ನರ್ಸಮ್ಮನಿಗೆ ವಿಷಯ ಹೇಳಿದ್ದೆ. "ನಿಜವಾಗ್ಲೂ ಅನ್ನ ಬಿಟ್ಟು ಓಡ್ತಿದ್ರೆ ಸಂಜೆ ಇಂಜೆಕ್ಷನ್ ಇಳಿಸ್ಲೇಬೇಕಮ್ಮಾ, ಕೂತ್ಕೊಳ್ಳಿ, ಡಾಕ್ಟ್ರ ಹತ್ರ ಬರೆಸ್ಕೊಂಡು ಹೋಗಿ" ಅಂದಳು. ನಾನು ನಕ್ಕೆ. "ಅವ್ರು ಬಿಡೋ ಪೈಕಿ ಅಲ್ಲ, ಹೊರಗಡೆ ಬನ್ ತಿಂದೇ ಬರ್ತಾರೆ" ಎಂದು ಹೇಳಿ ಎದ್ದು ಬಂದೆ. ಇಪ್ಪತ್ತಾರು ಸಂಜೆಯೂ ಪೂರ್ತಿ ಔಷಧ ಚುಚ್ಚಿದ್ದು ನಾನೇ, ನನ್ನ ಈ ಕೈಯಿಂದ. ಅವರು ತೋಳು ಒಡ್ಡುತ್ತಾ "ಇವತ್ತು ದೇವರಾಣೆಗೂ ಏನೂ ತಿಂದಿಲ್ಲ ಕಣೇ" ಅನ್ನುತ್ತಿದ್ದರು, ನಾನು "ಆಯ್ತು ಆಯ್ತು, ಗೊತ್ತು" ಅನ್ನುತ್ತಿದ್ದೆ. ಅವರ ಪ್ಯಾಂಟಿನ ಸೊಂಟ ಒಂದೂವರೆ ಇಂಚು ನಾನೇ ಹಿಡಿದು ಹೊಲಿದೆ, ಆಗಲೂ ನಂಬಲಿಲ್ಲ. ಮೂವತ್ತೆರಡು ವರ್ಷದಲ್ಲಿ ಆ ಒಂದು ತಿಂಗಳು ಅವರು ನಿಜ ಹೇಳಿದರು, ನಿನಗೋಸ್ಕರ ಹೇಳಿದರು. ಸ್ಮಶಾನದಿಂದ ಬಂದು ಎಲ್ಲರೆದುರು ನೀನು "ನಾನೇ ಕೊಂದೆ" ಎಂದಾಗ ನಿನ್ನ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಹನ್ನೊಂದು ತಿಂಗಳು ಅದನ್ನು ನಿನ್ನ ತಲೆಯ ಮೇಲೆ ಹೊರಿಸಿ ನಾನು ನಿದ್ದೆ ಮಾಡಿದ್ದೇನೆ. ನಿದ್ದೆ ನಿಜವಾಗಿಯೂ ಬಂದಿದೆ ಕಣೋ, ಅದಕ್ಕೇ ನನಗೆ ನನ್ನ ಮೇಲೆ ಹೇಸಿಗೆ. ಇನ್ನು ನನ್ನ ಮುಖ ನೋಡಬಾರದು ಅನ್ನಿಸಿದರೆ ನೋಡಬೇಡ. ಅದನ್ನು ನಾಳೆ ಯೋಚಿಸು. ಇವತ್ತು ಸಂಜೆ ಓಡಿ ಬಂದ ಮೇಲೆ ಕೂತು ಅನ್ನ ಉಣ್ಣು.