ಏಳು ಪಾಯಿಂಟ್ ಮೂರರ ಹಠ

ಪೋರ್ತು, ಮಾರ್ಚ್ 3, ಸೋಮವಾರ, ಬೆಳಗ್ಗೆ 9.10

ಲೆಕ್ಕ ಮತ್ತೆ ನಿಂತಿದೆ. ಅದೇ ಜಾಗ — 7.3 ಕಿಲೋನ್ಯೂಟನ್ ಬಲ. ಎರಡು ಅಲ್ಯೂಮಿನಿಯಂ ಪಟ್ಟಿ, ನಡುವೆ ಗೋಂದು, ಎರಡೂ ಕಡೆ ಎಳೆತ. ಎಷ್ಟಕ್ಕೆ ಮುರಿಯುತ್ತದೆ ಅಂತ ಹೇಳಲು ಕಂಪ್ಯೂಟರಿಗೆ ಮೂರು ವಾರ ಸಾಲಲಿಲ್ಲ. ಹನ್ನೆರಡರವರೆಗೆ ಎಳೆ ಅಂದರೆ 7.3ಕ್ಕೇ "ಉತ್ತರ ಸಿಗಲಿಲ್ಲ" ಅಂತ ಬರೆದು ಮಲಗುತ್ತದೆ.

ಊರಿನಿಂದ, ವಿಝೆವ್‌ನಿಂದ, ಅಮ್ಮನ ಫೋನು. "ಫಿರ್ಮಿನಾ, ಆ ಗೋಂದು ಇನ್ನೂ ಅಂಟಲಿಲ್ವೇನೇ?" ಅಂಟಿದೆ. ಬಿಡುವುದು ಯಾವಾಗ ಅನ್ನುವುದೇ ನನ್ನ ಪಿಎಚ್‌ಡಿ.

ಮಾರ್ಚ್ 5, ಬುಧವಾರ

ಮೆಶ್, ಅಂದರೆ ಕಂಪ್ಯೂಟರು ಪಟ್ಟಿಯನ್ನು ತುಂಡು ಮಾಡಿ ನೋಡುವ ಚೌಕಳಿ, ಸಣ್ಣ ಮಾಡಿದೆ. 7.3. ಬಲ ಏರಿಸುವ ಹೆಜ್ಜೆ ಸಣ್ಣ ಮಾಡಿದೆ. 7.3. ಕೈಲಾಗದವಳು ಮೈ ಪರಚಿಕೊಂಡ ಹಾಗೆ ಉಳಿದ ಸೆಟ್ಟಿಂಗೆಲ್ಲ ಬದಲಿಸಿದೆ... 7.3.

ಪ್ರೊಫೆಸರ್ ಕಸ್ಟೋಡಿಯು ಬಾಗಿಲಲ್ಲೇ ನಿಂತು ಹೇಳಿದರು: "ಹದಿನಾಲ್ಕನೇ ತಾರೀಖು ನಿಜವಾದ ಪಟ್ಟಿ ಎಳೀತೀವಿ. ವಿಮಾನದ ಬಾಗಿಲು ಮಾಡೋ ಕಾರ್ಖಾನೆಯವರೂ ಬರ್ತಾರೆ. ಅಷ್ಟರಲ್ಲಿ ನಿನ್ನ ಸಂಖ್ಯೆ ಬೋರ್ಡ್ ಮೇಲಿರ್ಲಿ."

ನನ್ನ ಸಂಖ್ಯೆ ನಿಜವಾದ ಪಟ್ಟಿಗೆ ಹೊಂದಿದರೆ ಮೂರನೇ ಅಧ್ಯಾಯ ಮುಗಿಯಿತು, ಜೂನ್‌ನಲ್ಲಿ ಪ್ರಬಂಧ ಕೊಡಬಹುದು. ಇಲ್ಲವಾದರೆ ಇನ್ನೊಂದು ವರ್ಷ. ಹೆದರಿಕೆಯಾಗಿದೆ.

ಮಾರ್ಚ್ 6, ಗುರುವಾರ

ಗೆದ್ದೆ. ವಿಸ್ಕಾಸಿಟಿ ಸೇರಿಸಿದೆ — ಕಂಪ್ಯೂಟರಿನ ಗೋಂದಿಗೆ ಒಂದಿಷ್ಟು ಸುಳ್ಳು ಜಿಗುಟು, ಒಮ್ಮೆಲೇ ಕಿತ್ತುಕೊಳ್ಳದೆ ನಿಧಾನ ಬಿಡಲಿ ಅಂತ. ಎಲ್ಲರೂ ಚಿಟಿಕೆ ಹಾಕುತ್ತಾರೆ. ನಾನು ಹಿಡಿ ಹಾಕಿದೆ. 11.2ರಲ್ಲಿ ಮುರಿಯಿತು. ಗ್ರಾಫಿನ ಗೆರೆ ಎಷ್ಟು ನುಣುಪು.

ಬೋರ್ಡಿನ ಮೇಲೆ 11.2 ಅಂತ ಬರೆದೆ. ನಮ್ಮ ಲ್ಯಾಬಿನಲ್ಲಿ ಬರೆದದ್ದನ್ನು ಒರೆಸುವಂತಿಲ್ಲ. ಅಡ್ಡಗೆರೆ ಎಳೆದು ಬೇರೆ ಬರೆಯಬಹುದು. ಆದರೆ ಎಲ್ಲರೆದುರೇ, ಮತ್ತು ಎಲ್ಲರಿಗೂ ಅಕ್ಕಿ ಕೇಕ್ ತಂದು.

ಮೂವತ್ತು ವರ್ಷದಿಂದ ಇಲ್ಲಿ ಗೋಂದು ಹಚ್ಚುತ್ತಿರುವ ಅಡೆರಿತು ಮಾಮ ತಮ್ಮ ಅಂದಾಜು ಅಂತ ಬರೆದದ್ದು 7.5. ನನ್ನದನ್ನು ನೋಡಿ, "ಇಂಜಿನಿಯರಮ್ಮ, ನನ್ನ ಗೋಂದಿನ ಮೇಲೆ ನಿಮಗೆ ಭಾರಿ ನಂಬಿಕೆ," ಅಂದರು.

ಮಾರ್ಚ್ 13, ಗುರುವಾರ, ಸಂಜೆ 4

ಒಂದು ವಾರ ಬರೆಯಲಿಲ್ಲ. ಸುಖವಾಗಿದ್ದೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಲೆಕೋಸಿನ ಸಾರು. ಎದುರಿಗೆ ಅಡೆರಿತು ಮಾಮ.

"ನಿಮ್ಮ ಲೆಕ್ಕ ಮೊದಲು ನಿಲ್ತಿತ್ತಲ್ಲ, ಎಲ್ಲಿ?"

"ಏಳು ಪಾಯಿಂಟ್ ಮೂರು."

"ಪ್ರತೀ ಸಲ?"

"ಪ್ರತೀ ಸಲ."

ಸಾರಿನಲ್ಲಿ ಬ್ರೆಡ್ಡು ಅದ್ದಿದರು. "ಪಟ್ಟಿ ಅಲ್ಲೇ ಮುರಿದುಹೋಗಿದ್ರೆ, ಅದರಾಚೆ ಉತ್ತರ ಎಲ್ಲಿಂದ ತರುತ್ತಮ್ಮ, ಪಾಪ?"

ಚಮಚ ಇಟ್ಟು ಓಡಿದೆ. ಸುಳ್ಳು ಜಿಗುಟು ತೆಗೆದೆ. ಬಲ ಏರಿಸುವ ಬದಲು ಪಟ್ಟಿಯ ತುದಿಯನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದೆ. ಬಲ ತಾನಾಗಿ 7.3ರವರೆಗೆ ಏರಿತು, ದಡಾರನೆ ಇಳಿಯಿತು, ಲೆಕ್ಕ ಕೊನೆ ಮುಟ್ಟಿತು. ಮೂರು ವಾರ ಅದು ನಿಜವನ್ನೇ ಹೇಳುತ್ತಿತ್ತು. ನಾನು ಹೊಡೆದು ಬಡಿದು ಸುಳ್ಳು ಹೇಳಿಸಿದೆ. ನಾಚಿಕೆಯಾಗುತ್ತಿದೆ.

ಪ್ರೊಫೆಸರ್ ಕಾರ್ಖಾನೆಯವರಿಗೆ 11.2 ಅಂತ ಆಗಲೇ ಪತ್ರ ಬರೆದಿದ್ದಾರೆ. ಕೆಟ್ಟ ಮೇಲೆ ಬುದ್ಧಿ ಬಂತು.

ಮಾರ್ಚ್ 14, ಶುಕ್ರವಾರ, ಬೆಳಗ್ಗೆ 10.40

ಯಂತ್ರದ ಪಕ್ಕದಲ್ಲೇ ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಕೇಕ್ ಪೆಟ್ಟಿಗೆ ಮೇಜಿನ ಮೇಲಿಟ್ಟು, ಅತಿಥಿಗಳೆದುರೇ 11.2ಕ್ಕೆ ಅಡ್ಡಗೆರೆ ಎಳೆದು 7.3 ಬರೆದೆ.

"ಫಿರ್ಮಿನಾ, ಇವರಿಗೆ ಹನ್ನೊಂದು ಅಂತ ಹೇಳಿಬಿಟ್ಟಿದ್ದೀನಿ."

"ಗೊತ್ತು ಸರ್. ಅದು ಕಂಪ್ಯೂಟರ್ ಹೇಳಿದ್ದಲ್ಲ. ನಾನು ಹೇಳಿಸಿದ್ದು."

ಎಲ್ಲರೂ ಕೇಕ್ ತೆಗೆದುಕೊಂಡರು. ಪ್ರೊಫೆಸರ್ ಮುಟ್ಟಲಿಲ್ಲ.

ಅಡೆರಿತು ಮಾಮ ಯಂತ್ರದ ಅಂಕಿ ಗಟ್ಟಿಯಾಗಿ ಓದುತ್ತಿದ್ದಾರೆ. ಐದು. ಆರು. ಏಳು. ಏಳು ಒಂದು... ಏಳು ಎರಡು... ಏಳು ಮೂರು. ಏನೂ ಆಗಲಿಲ್ಲ. ಅಯ್ಯೋ ದೇವರೇ —

ಟಪ್.

ಏಳು ನಾಲ್ಕು. "ನನ್ನದಕ್ಕೂ ನಿಮ್ಮದಕ್ಕೂ ಸರಿಯಾಗಿ ನಡುವೆ," ಅನ್ನುತ್ತಿದ್ದಾರೆ ಮಾಮ. ಪ್ರೊಫೆಸರ್ ಬೋರ್ಡ್ ನೋಡಿದರು, ನನ್ನನ್ನು ನೋಡಿದರು, ಕೇಕ್ ಪೆಟ್ಟಿಗೆಗೆ ಕೈ ಹಾಕಿದರು. ಹಾಗಾದರೆ ಮೂರನೇ ಅಧ್ಯಾಯ ಮುಗಿದ ಹಾಗೇ —