ಗುಂಡುಕಲ್ಲು ಕೂತ ಗಾಡಿ

ಅಬ್ಬೆ,

ನಿನ್ನ ಮೊಮ್ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ ಇವತ್ತು ಬಂತು, ಇಬ್ಬರೂ ಒಟ್ಟಿಗೆ ಕೂರುವಂಥದ್ದು. ಕೂರಿಸಲು ಹೋದರೆ ಪಕ್ಕದ ಮನೆಯ ಬಂಗಾರಕ್ಕ ತಡೆದಳು. "ತೊಟ್ಲಿಗೆ ಮಗೂಗಿಂತ ಮೊದ್ಲು ಗುಂಡ್‌ಕಲ್ಲು ಹಾಕಿ ತೂಗೂದಿಲ್ವ? ಇದ್ಕೂ ಹಾಂಗೇ ಮಾಡು ಮಾರಾಯ್ತಿ."

ನೀನು ಕಣ್ಮುಚ್ಚಿದ ಮೇಲೆ ಮೂಲೆ ಸೇರಿದ್ದ ನಿನ್ನ ಅರೆಯುವ ಗುಂಡುಕಲ್ಲನ್ನೇ ತೊಳೆದು ಗಾಡಿಯಲ್ಲಿ ಮಲಗಿಸಿದೆ. ಅಂಗನವಾಡಿಯ ದಾರಿಯಲ್ಲೇ ದೂಡಿದೆ. ನೀನು ದಿನಾ ಒಂದು ಮಗುವನ್ನು ಸೊಂಟದಲ್ಲಿ, ಇನ್ನೊಂದನ್ನು ಹೆಗಲಲ್ಲಿ ಹೊತ್ತು ನಡೆದ ದಾರಿ.

"ಒಂದ್ ಗಾಡಿ ತರ್ಸೇ, ಸೊಂಟ ಬಿದ್ದೇ ಹೋತು" ಅಂತ ನೀನು ಅಂದಾಗ ನಾನು ನಕ್ಕಿದ್ದೆ. "ನಮ್ಮೂರು ಬೆಳಕೆಯ ಈ ಕೊರಕ್ಲು ದಾರೀಲಿ ಗಾಲಿ ಉರುಳ್ತದ್ಯೇ ಅಬ್ಬೆ?"

"ಹೆಂಗೆ ಹೋತದೆ ಗಾಡಿ?" ಬಂಗಾರಕ್ಕ ಬೇಲಿಯಾಚೆಯಿಂದ ಕೂಗಿ ಕೇಳಿದಳು. ನಾನು ಆ ಕೊರಕಲಿನಲ್ಲೇ ದೂಡುತ್ತಾ ಹೋದೆ.

ಅಷ್ಟು ಭಾರದ ಕಲ್ಲಿದ್ದರೂ ಒಂದೇ ಕೈಯಲ್ಲಿ ಸರಾಗವಾಗಿ ಹೋಯಿತು, ಅಬ್ಬೆ.