ಎತ್ತಿದ ಕೈ

ಮಳೆಕಾಡಿನ ರೆಸಾರ್ಟ್ ಸಾಹೇಬರಿಗೆ ನಮಸ್ಕಾರ.

ಅಪರೂಪದ ಹಕ್ಕಿ ತೋರಿಸುವುದರಲ್ಲಿ ನಮ್ಮ ಮನೆಯವರು ಎತ್ತಿದ ಕೈ ಎಂದು ನೀವೇ ಹೊಗಳುತ್ತಿದ್ದಿರಿ. ಗೂಡಿನ ಹತ್ತಿರ ಯಾರೂ ಮಾತಾಡಬಾರದು, ಗೈಡು ಕೈ ಎತ್ತಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು ಎಂಬ ನಿಯಮವೂ ನಿಮ್ಮದೇ. ಅದು ತಪ್ಪಲ್ಲ, ಹಕ್ಕಿಯೂ ದೇವರದೇ. ನಮ್ಮವರಿಗೆ ಕೈ ಎತ್ತುವುದು ಎಷ್ಟು ರೂಢಿಯಾಗಿತ್ತೆಂದರೆ, ಊಟಕ್ಕೆ ಕೂತಾಗ ನೀರು ಬೇಕಾದರೂ ಕೈ ಎತ್ತುತ್ತಿದ್ದರು. "ಬಾಯಿ ಕಾಡಲ್ಲೇ ಬಿಟ್ಟು ಬಂದ್ರಾ?" ಎಂದು ಛೇಡಿಸುತ್ತಿದ್ದೆ.

ಗೂಡಿನ ಹತ್ತಿರ ಹಾವು ಕಚ್ಚಿದಾಗಲೂ ಅವರು ಕೂಗಲಿಲ್ಲ, ಕೈ ಎತ್ತಿದರು. "ಹಕ್ಕಿ ಬಂತು ಅಂದ್ಕೊಂಡು ಅಲ್ಲಾಡ್ದೆ ನಿಂತ್ಬಿಟ್ವಿ ಅಮ್ಮ" ಎಂದು ಜೊತೆಗಿದ್ದ ಪ್ರವಾಸಿ ಹೆಣ್ಣುಮಗಳು ನನ್ನೆದುರು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಕುಸಿದು ಬೀಳುವವರೆಗೂ ಯಾರೂ ಹತ್ತಿರ ಹೋಗಲಿಲ್ಲ; ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಅವರು ಹಾಗೆ ಕೈ ಎತ್ತಿ ನಿಂತಾಗ ಯಾರೋ ತೆಗೆದ ಫೋಟೊಗೆ ಕಟ್ಟು ಹಾಕಿಸಿ, "ಕಾಡಿನ ಮೌನ ಗೆಳೆಯ" ಎಂದು ಬರೆಸಿ ಕಳಿಸಿದ್ದೀರಿ. ವಾಪಸು ಕಳಿಸಿದ್ದೇನೆ. ದೇವರಿಗೆ ಕೈ ಎತ್ತಿ ಮುಗಿಯುವುದೂ ಈಗ ನನ್ನಿಂದಾಗುತ್ತಿಲ್ಲ.

ಅಪ್ಪನ ಕೆಲಸಕ್ಕೆ ಮಗಳನ್ನು ಕೇಳಿದ್ದೀರಿ. ಅವಳಿಗೂ ಆಸೆಯಿದೆ. ಅವಳ ಕೊರಳಿಗೆ ಒಂದು ಸೀಟಿ ಕಟ್ಟುತ್ತೇನೆ. ಅದು ಕೇಳಿಸಿದರೆ ಹಕ್ಕಿ ಹಾರಿಹೋದರೂ ಸರಿ, ಎಲ್ಲರೂ ಅವಳ ಹತ್ತಿರ ಓಡಬೇಕು ಎಂದು ನಿಮ್ಮ ನಿಯಮಗಳ ಬೋರ್ಡಿನ ಮೊದಲ ಸಾಲಲ್ಲಿ ಬರೆಸಿ. ಬರೆಸಿದ ದಿನ ಹೇಳಿ ಕಳಿಸಿ, ಮಗಳು ಬರುತ್ತಾಳೆ.

ಇಂತಿ,
ನಿಮ್ಮ ಗೈಡಿನ ಹೆಂಡತಿ